ಜೂನ್ ತಿಂಗಳ ಅಂಟು

ಯೋಸು ಬಂದರಿನಿಂದ ಎರಡು ಬಸ್ಸು ಬದಲಿಸಿ ಬಂದಿದ್ದರು
ತಕ್ ಬ್ಯೊಂಗ್-ಗಿಲ್,
ದೋಣಿ ಇಂಜಿನ್ನುಗಳ ನಡುವೆ ಅರ್ಧ ಕಿವಿ ಕಳೆದುಕೊಂಡವರು.
ಚಪ್ಪಲಿ ಬಿಡುತ್ತಲೇ ಹೇಳಿದರು:
"ಏನೂ ಆಗಿಲ್ಲ. ಎಳೆದಾಗ ಒಂದು ಸದ್ದು.
ಟಿಕ್. ಅಷ್ಟೇ."

ಅರ್ಧ ಕಿವಿಗೂ ಕೇಳಿಸಿತೆಂದರೆ
ಅಷ್ಟೇ ಅಲ್ಲ.

ನಾನು ಹೆದೆಯೇರಿಸಲಿಲ್ಲ.
ಕಾಲು ನೋವೆಂದವನನ್ನು ಓಡಿಸಿ ನೋಡುತ್ತಾರೆಯೇ ಯಾರಾದರೂ?
ಬಟ್ಟೆಚೀಲದಿಂದ ತೆಗೆದು ಚಾಪೆಯ ಮೇಲೆ ಮಲಗಿಸಿದೆ.
ಹೆದೆಯಿಲ್ಲದ ಬಿಲ್ಲು
ಬೆಂದ ಸೀಗಡಿಯ ಹಾಗೆ ಸುರುಳಿ,
ಇಷ್ಟು ಚಿಕ್ಕದೇ ಅನ್ನಿಸುತ್ತದೆ, ಪ್ರತಿಸಲ.

ಮೊದಲು ಕಣ್ಣು.
ಎಮ್ಮೆಕೊಂಬಿನ ಕಪ್ಪು ಹೊಟ್ಟೆಯಲ್ಲಿ ನನ್ನದೇ ಮುಖ
ಉದ್ದುದ್ದ ಎಳೆದುಕೊಂಡು ಹೋಗುತ್ತದೆ.
ಕೆಳತೋಳು ಒಂದು ಅಕ್ಕಿಕಾಳಿನಷ್ಟು ವಾಲಿದೆ.
ವಾಲಿದ್ದಕ್ಕೆ ಹೆದರಬೇಕಿಲ್ಲ; ಕೆಂಡದ ಮೇಲೆ ಕಾಯಿಸಿ
ಹಿಮ್ಮಡಿಯಲ್ಲಿ ಒತ್ತಿ ಹಿಡಿದರೆ ಮಾತು ಕೇಳುತ್ತದೆ.
ಯಾಕೆ ವಾಲಿತು ಎಂಬುದಕ್ಕೆ ಹೆದರಬೇಕು.

ಆಮೇಲೆ ಹತ್ತಿ.
ಒಂದು ಉಂಡೆ ಹತ್ತಿಯನ್ನು ಅಂಚುದ್ದಕ್ಕೂ
ಮಗುವಿನ ಹಣೆ ಒರೆಸಿದಂತೆ ಸವರಿದೆ.
ಸಿಬಿರು ಎದ್ದಿದ್ದರೆ ಹತ್ತಿ ಎಳೆಬಿಟ್ಟು ಹೇಳುತ್ತದೆ.
ಹೇಳಲಿಲ್ಲ.

ಆಮೇಲೆ ಉಗುರು.
ಟಕ್, ಟಕ್, ಟಕ್,
ಕೊಂಬು, ಬಿದಿರು, ನರ ಮೂರೂ ಒಟ್ಟಿಗೆ ಓಗೊಡುತ್ತವೆ.
ಹಿಡಿಯಿಂದ ನಾಲ್ಕು ಬೆರಳು ಕೆಳಗೆ
ತಪ್.
ಬಾಡಿಗೆಯವರು ಬಿಟ್ಟುಹೋದ ಕೋಣೆಯ
ಬಾಗಿಲು ತಟ್ಟಿದ ಹಾಗೆ.

ಅಲ್ಲಿ ಮಾತ್ರ ಬರ್ಚ್ ತೊಗಟೆ ಹೊಸದು.
ಉಳಿದದ್ದೆಲ್ಲ ಆರು ವರ್ಷದ ಅಂಗೈ ಬೆವರಿಗೆ ಚಹದ ಬಣ್ಣ;
ಇದು ಹುಣ್ಣು ಮಾಸಿದ ಜಾಗದ ಚರ್ಮ.
ಮೂಗಿನ ಹತ್ತಿರ ಹಿಡಿದೆ: ಅಂಗಡಿಯ ಟ್ಯೂಬಿನ ಅಂಟು.
"ಯಾರು ಸುತ್ತಿದ್ದು?"
ಅವರು ಒಲೆ ನೋಡಿದರು.

ಚಾಕುವಿನ ಬೆನ್ನಿನಿಂದ ಬಿಡಿಸಿದೆ.
ಕೊಂಬಿಗೂ ಬಿದಿರಿಗೂ ನಡುವೆ
ಕಿರುಬೆರಳುದ್ದ ಒಂದು ಬಿಳಿ ಗೆರೆ.
ಕೈಗೆ ಏನೂ ಸಿಗದೆ ಅವರ ಬಸ್ ಟಿಕೆಟ್ಟನ್ನೇ ಇಸಕೊಂಡು ತೂರಿಸಿದೆ,
ಅರ್ಧ ಒಳಗೆ ಹೋಯಿತು.

ಹೊಡೆತಕ್ಕೆ ಸೀಳಿದ್ದರೆ ಅಂಚು ಹರಿತ.
ಖಾಲಿ ಹೆದೆ ಬಿಟ್ಟು ಕೆಡಿಸಿದ್ದರೆ ತುದಿಯಲ್ಲಿ ಗುರುತು.
ಇದು ಎರಡೂ ಅಲ್ಲ.
ಮೀನಿನ ಚೀಲ ಬೇಯಿಸಿ ಸೋಸಿದ ಅಂಟು
ಚಳಿಗಾಳಿಯಲ್ಲಿ ಒಣಗಿದರೆ ಜೇನುಬಣ್ಣ.
ಇಲ್ಲಿ ಒಡೆದ ಹಾಲಿನಂತೆ, ಕಾಳುಕಾಳು.
ಮಳೆ ಹಿಡಿಯುವ ಮುಂಚಿನ ಒದ್ದೆಗಾಳಿ ಕುಡಿದ ಅಂಟು.
ಜೂನ್.

ಹಿಡಿಯ ಒಳಗೆ ನನ್ನ ಕುಂಚದಲ್ಲೇ ಬರೆದಿದೆ:
ನವೆಂಬರ್.

"ಅಂಟಿಗೂ ನಂಟಿಗೂ ಒಣಗಲು ಹೊತ್ತು ಕೊಡು"
ಎನ್ನುತ್ತಿದ್ದರು ನನಗೆ ಕಲಿಸಿದವರು.
ಇಬ್ಬರು ಶಿಷ್ಯರಿಗೆ ನಾನೂ ಅದನ್ನೇ ಹೇಳಿ,
ಮೋಡ ಕಂಡರೆ ಅಂಟಿನ ಗಡಿಗೆ ಮುಚ್ಚಿಸಿದ್ದೇನೆ.
ಆ ವರ್ಷ ಮುಂಗಡ ಏಪ್ರಿಲ್ಲಿನಲ್ಲೇ ಖರ್ಚಾಗಿತ್ತು.
ಅದಕ್ಕಿಂತ ದೊಡ್ಡ ಕಾರಣ ಹುಡುಕಿದ್ದೇನೆ,
ಸಿಕ್ಕಿಲ್ಲ.

"ಎರಡು ವರ್ಷದ ಹಿಂದೆ ಬಿಚ್ಚಿ ನೋಡಿದ್ದೆ," ಅಂದರು.
"ಗ್ಯಾಸ್ಕೆಟ್ ಕೆಟ್ಟರೆ ಯಾವ ಹವೆಯಲ್ಲಿ ಕೂರಿಸಿದ್ದೆಂದು
ನನಗೆ ಗೊತ್ತಾಗುತ್ತದೆ.
ಮುಚ್ಚಿಬಿಟ್ಟೆ."
ಮತ್ತೆ ಒಲೆಯ ಕಡೆ ತಿರುಗಿ,
"ನಿಮ್ಮನ್ನು ಕೇಳಿದ್ದರೆ ನೀವು ಏನನ್ನುತ್ತಿದ್ದಿರಿ?"

ಏನನ್ನುತ್ತಿದ್ದೆ?
ಹೊಡೆತ ಬಿದ್ದಿದೆ, ಅನ್ನುತ್ತಿದ್ದೆ.

ಹಬೆ ಹಿಡಿದು ಹಳೆ ಅಂಟು ಕರಗಿಸಿ ತೆಗೆದೆ.
ಮರಕ್ಕೆ ಬಿರುಕು ಹೋಗಿಲ್ಲ, ಕೊಂಬು ಗಟ್ಟಿಯಿದೆ,
ಬಾಯಿ ಮಾತ್ರ ತೆರೆದಿದೆ.
ಒಣಬಟ್ಟೆ ಸುತ್ತಿ ಬೆಚ್ಚನೆ ಪೆಟ್ಟಿಗೆಯಲ್ಲಿಟ್ಟೆ.
"ಅಂಟು ಚಳಿ ಬಂದ ಮೇಲೆ. ಸೆಣಬಿನ ಹುರಿ ಬಿಗಿದು
ಫೆಬ್ರವರಿವರೆಗೆ ಮುಟ್ಟುವುದಿಲ್ಲ."

"ಸೆಪ್ಟೆಂಬರಿನಲ್ಲಿ ಪಂದ್ಯವಿದೆಯಲ್ಲ."
"ಆಗುವುದಿಲ್ಲ," ಅಂದೆ.
ಆರು ವರ್ಷ ತಡವಾಗಿ ಬಂದ ಮಾತು,
ಬಾಯಲ್ಲಿ ವಿಚಿತ್ರ ರುಚಿ.

ಅವರು ತಲೆಯಾಡಿಸಿ, ಚಪ್ಪಲಿ ಮೆಟ್ಟಿ,
ಬಾಗಿಲ ಹತ್ತಿರ ನಿಂತು ಕೈ ಚಾಚಿದರು.
ನಾನು ಏನೋ ಅಂದುಕೊಂಡೆ.
ಟಿಕೆಟ್.
ವಾಪಸ್ ಪ್ರಯಾಣವೂ ಅದರಲ್ಲೇ ಇತ್ತು.
ಅಂಚಿಗೆ ಹತ್ತಿದ್ದ ಬಿಳಿ ಪುಡಿಯನ್ನು
ಒರೆಸದೆ ಹಾಗೇ ಕೊಟ್ಟೆ.