ಬಿಲ್ಲೆ

ತೊಂಬತ್ತನೆಯ ದಿನದ ಸ್ಕ್ಯಾನು. ಎಡಗತ್ತಿನ ಬುಡದಲ್ಲಿ
ಹುಣಿಸೆಬೀಜದಷ್ಟು ಬೆಳಕು.
ಡಾಕ್ಟರ್ ವಾರಿಜಾ ಪರದೆಯನ್ನು ನನ್ನ ಕಡೆ ತಿರುಗಿಸಿದರು.
ತಿರುಗಿಸಬೇಕಾಗಿರಲಿಲ್ಲ. ಗುರುವಾರವೇ
ಗಡ್ಡ ಹೆರೆಯುವಾಗ ಬೆರಳಿಗೆ ಸಿಕ್ಕಿತ್ತು ಅದು.
ಪುಟ್ಟಗೌರಿಗೆ ಹೇಳಿರಲಿಲ್ಲ.

ಮೂವತ್ತೊಂದು ವರ್ಷ ಅಶ್ವಾರೋಹಿ ದಳದಲ್ಲಿ ದಫೇದಾರ ನಾನು.
ಹೊಸ ಕುದುರೆಯ ಕಿವಿಯ ಬಳಿ ಪಟಾಕಿ ಸಿಡಿಸಿ,
ತಮಟೆ ಬಡಿಸಿ, ಮುಖದೆದುರು ಫಟ್ಟನೆ ಕೊಡೆ ಬಿಚ್ಚಿ
ಬೆದರದಂತೆ ಮಾಡುವುದು ಕೆಲಸ.
ಹಾಗಾಗಿ, ಆಷಾಢಕ್ಕೆ ಮುಂಚೆ ಅವರು
ನಿಮ್ಮ ರಕ್ತದಿಂದಲೇ ಕಾವಲು ಕೋಶ ತೆಗೆದು
ಪಳಗಿಸಿ ತಿರುಗಿ ನಿಮಗೇ ಕೊಡುತ್ತೇವೆ ಅಂದಾಗ
ಉಳಿದವರಿಗಿಂತ ಬೇಗ ನನಗೆ ಅರ್ಥವಾಯಿತು.
ಪಳಗಿಸಿದವರು ಯಾರು, ಕಡಿವಾಣ ಎಂಥದು, ಕೇಳಲಿಲ್ಲ.
ಕೇಳಬೇಕಿತ್ತು.

ಬಂದವು. ಒಂದು ಚಿಕ್ಕ ಚೀಲ, ಹತ್ತು ನಿಮಿಷ.
ಮೂರನೆಯ ರಾತ್ರಿ ನೂರನಾಲ್ಕು ಜ್ವರ,
ಮೈಯೆಲ್ಲ ಗೊರಸು.
ದಿನಕ್ಕೊಂದು ವಾಕ್ಯ ಬರೆಯಿರಿ ಎಂದು ನರ್ಸು ಹಾಳೆ ಹಿಡಿಯುತ್ತಿದ್ದಳು,
ಬುದ್ಧಿ ನೆಟ್ಟಗಿದೆಯೇ ನೋಡಲು.
'ಇಂದು ರೂಬಿಗೆ ಹುರುಳಿ ಕೊಟ್ಟೆ.'
ಐದನೆಯ ದಿನ ಹುರುಳಿ ಸಾಲು ಬಿಟ್ಟು ಇಳಿದು ಹೋಯಿತು,
ರೂಬಿಯ ಕೊಂಬು ಕಳಚಿತು,
ಪಕ್ಕದಲ್ಲಿ ಕೂತ ಹೆಂಗಸು ಯಾರೆಂದು ತಿಳಿಯಲಿಲ್ಲ.
ಏಳನೆಯ ದಿನ ತಿಳಿಯಿತು. ಅವಳಿನ್ನೂ ಅದನ್ನು ಮರೆತಿಲ್ಲ.
ತಿಂಗಳ ಸ್ಕ್ಯಾನಿನಲ್ಲಿ ಏನೂ ಇರಲಿಲ್ಲ. ನಂಜುಮಳಿಗೆಯಲ್ಲಿ
ಎರಡು ಕೆಜಿ ಬಾದೂಷ ಕೊಂಡು ಬೀದಿಗೆಲ್ಲ ಹಂಚಿದೆವು.

ಈಗ ಡಾಕ್ಟರು ಹಳೇ ರಸೀತಿಯ ಹಿಂಬದಿಗೆ ಚಿತ್ರ ಬರೆಯುತ್ತಾರೆ:
ನಿಮ್ಮ ಕೋಶಗಳಿಗೆ ಒಂದೇ ಗುರುತು ಕಲಿಸಿದ್ದೆವು,
ಕಾಯಿಲೆ ಆ ಗುರುತನ್ನೇ ಕಳಚಿಟ್ಟಿರಬಹುದು.
ಇಲ್ಲವೇ ಕೋಶಗಳೇ ದಣಿದಿರಬಹುದು.
ಮತ್ತೆ ಚೂರು ತೆಗೆದು ನೋಡದೆ ಹೇಳಲಾರೆ.

ಬಿಲ್ಲೆ ಕಿತ್ತು ಜೇಬಿಗಿಟ್ಟು ಗುಂಪಿನಲ್ಲಿ ಸೇರಿಹೋದವನನ್ನು
ಕುದುರೆಯ ಮೇಲಿಂದ ಎಷ್ಟು ಸಲ ಹುಡುಕಿಲ್ಲ ನಾನು.
ಸಿಗುವುದಿಲ್ಲ. ರೂಬಿಯ ಬಾಲದ ಹಿಂದೆಯೇ ನಿಂತು
ಕಡಲೆಕಾಯಿ ಸುಲಿಯುತ್ತಿರುತ್ತಾನೆ.

ದಾರಿಗಳಿವೆ, ಅಂದರು.
ಎರಡು ಕೈಯ ಔಷಧಿ: ಒಂದು ಕೈ ಕಾಯಿಲೆಯ ಬೇರೊಂದು ಗುರುತಿಗೆ,
ಇನ್ನೊಂದು ನನ್ನದೇ ಕೋಶದ ಜುಟ್ಟಿಗೆ,
ಎಳೆತಂದು ಎದುರುಬದುರು ನಿಲ್ಲಿಸುತ್ತದೆ. ಪಳಗಿಸುವ ಗೋಜಿಲ್ಲ.
ಆದರೆ ಮೊದಮೊದಲ ಡೋಸಿಗೆ ಆಸ್ಪತ್ರೆಯಲ್ಲೇ ಮಲಗಬೇಕು,
ಆ ಜ್ವರ ಮತ್ತೆ ಬಂದೀತು.
ಇನ್ನೊಂದು, ಜೀನಿನ ಚೀಲದಲ್ಲಿ ವಿಷ ಹೊತ್ತು ಹೋಗುವಂಥದು;
ಬೆರಳ ತುದಿ ಜೋಮು ಹಿಡಿಯಬಹುದು.
ಒಂದೇ ಗಂಟಾದ್ದರಿಂದ ವಿಕಿರಣವೂ ಆದೀತು, ಸ್ವಲ್ಪ ಕಾಲ ಕೊಳ್ಳಲು.
ಯಾವುದಾದರೂ ಹಿಡಿತಕ್ಕೆ ತಂದರೆ, ಆಮೇಲೆ,
ಒಡಹುಟ್ಟಿದವರ ರಕ್ತದ ಬೀಜ.
ಕೊನೆಯದನ್ನು ಹೇಳುವಾಗ ಪೆನ್ನು ಕೆಳಗಿಟ್ಟರು:
ನೋವಾಗದಂತೆ ನೋಡಿಕೊಳ್ಳುವುದು, ಮನೆಯಲ್ಲಿ.
ಅದು ಕೈಬಿಟ್ಟದ್ದಲ್ಲ, ಅದೂ ಚಿಕಿತ್ಸೆಯೇ.

ಯಾವುದರಲ್ಲಿ ಎಷ್ಟು, ಅಂದೆ.
ಅಂಕಿ ಹೇಳಿದರು. ಪುಟ್ಟಗೌರಿ ಕಿಟಕಿ ನೋಡಿದಳು.

ಪಾಂಡವಪುರದ ತಂಗಿ ಜವನಮ್ಮ ಫೋನಿನಲ್ಲಿ:
ನಂದು ಹಸ ಸಾಕೋ ರಕ್ತ ಕಣಣ್ಣ, ನಿನ್ನ ಮೈಲಿ ಒದೆಯಲ್ವಾ?
ಒದೆಯಬಹುದು, ಅಂದೆ. ಅದಕ್ಕೂ ಮಾತ್ರೆ ಇದೆಯಂತೆ.
ಹಂಗಾದ್ರೆ ಡೈರಿಗೆ ಹಾಲು ಹಾಕಿ ಬತ್ತೀನಿ, ಅಂದಳು,
ನಾಳೆಯೇ ಏನೋ ಎಂಬಂತೆ.

ರಾತ್ರಿ, ಹಾಲಿನ ಲೆಕ್ಕದ ಪುಸ್ತಕದಲ್ಲಿ,
ಯಾರೂ ಕೇಳದೆ, ಒಂದು ವಾಕ್ಯ ಬರೆದೆ:
'ಮಂಗಳವಾರ ಬರಿಹೊಟ್ಟೆಯಲ್ಲಿ ಬರಲು ಹೇಳಿದ್ದಾರೆ.'
ಸಾಲು ನೇರವಿತ್ತು. ಒತ್ತಕ್ಷರ ಒತ್ತಾಗಿಯೇ ಕೂತಿದ್ದವು.
ಪುಟ್ಟಗೌರಿ ಹೆಗಲ ಮೇಲಿಂದ ಬಗ್ಗಿ ಓದಿದಳು,
ದೀಪ ಆರಿಸುವ ಮುಂಚೆ
'ನಾನ್ಯಾರು, ಹೇಳಿ ನೋಡೋಣ' ಅಂದಳು.