ಹೊಯ್ಗೆಯಲ್ಲಿ ಡೇರೆ

ಕೋಡಿಬಾಗದ ನಮ್ಮ ಅಂಗಳದಲ್ಲಿ ಮಣ್ಣೆಂಬುದಿಲ್ಲ.
ಅಗೆದರೆ ಹೊಯ್ಗೆ, ಇನ್ನೂ ಅಗೆದರೆ ಚಿಪ್ಪು,
ಮತ್ತೂ ಹಟ ಹಿಡಿದರೆ ಉಪ್ಪುನೀರು.
ಸದಾಶಿವಗಡದ ಆಚೆಯಿಂದ ಸಿಮೆಂಟು ಚೀಲದಲ್ಲಿ
ಕೆಮ್ಮಣ್ಣು ತರಿಸಿದೆ. ರಿಕ್ಷಾದವ ಕೇಳಿದ,
"ಎಂತಕ್ಕೆ ಬಾಯಿ, ಗೋಡೆ ಕಟ್ತೀರಾ?"
ಹೂವಿಗೆ ಅಂದೆ.
ಇಪ್ಪತ್ತು ರೂಪಾಯಿ ಹೆಚ್ಚೇ ತಕ್ಕೊಂಡ.

ಅಬ್ಬಲಿಗೆ ಬದುಕಿತು. ಅದು ಎಲ್ಲಿಯೂ ಬದುಕುತ್ತದೆ,
ಹೊಲಿಗೆ ಮಷಿನಿನ ಪಕ್ಕದ ಒಡೆದ ಬಕೆಟ್ಟಿನಲ್ಲಿಯೂ.
ಮಲ್ಲಿಗೆಗೆ ಮಾತ್ರ ಪಡುವಣ ಗಾಳಿ ಸೋಕಿದರೆ
ಎಲೆಯಂಚು, ಇಸ್ತ್ರಿ ತಾಗಿದ ನೈಲಾನಿನ ಹಾಗೆ,
ಕಂದಿ ಮುರುಟುತ್ತದೆ.
ಗುಲಾಬಿಗೆ ಮೀನು ತೊಳೆದ ನೀರು ಒಳ್ಳೆಯದೆಂದರು.
ಬಂಗಡೆ ತೊಳೆದೆ, ಹೊಯ್ದೆ.
ಗಿಡ ಚಿಗುರಿದ್ದು ನಿಜ,
ಚಿಗುರಿದ ಮೂರನೇ ರಾತ್ರಿ ಓಣಿಯ ಬೆಕ್ಕುಗಳೆಲ್ಲ ಸೇರಿ
ಬುಡ ಕೆದರಿ ಬೇರನ್ನು ಚಂದ್ರನಿಗೆ ತೋರಿಸಿದ್ದೂ ನಿಜ.

ದಾಸವಾಳದ ಕತೆ ಬೇರೆ.
ನಸುಕಿನ ಐದಕ್ಕೆ ಪಂಢರಿ ಮಾಸ್ತರರ ಕೊಕ್ಕೆಕೋಲು
ಕಂಪೌಂಡು ದಾಟಿ ಬರುತ್ತದೆ, ಮಾಸ್ತರರು ಆಮೇಲೆ.
ದೇವರಿಗೆ ಕದ್ದದ್ದು ಕಳವಲ್ಲವಂತೆ.
ಒಂದು ದಿನ ಕಾದು ಕೂತು ಬಾಗಿಲು ತೆಗೆದೆ.
ಅವರು ಬೆಚ್ಚಲಿಲ್ಲ.
"ಈ ಗೆಲ್ಲಿಗೆ ಬಿಳಿಹುಳ ಬಿದ್ದಿದೆ ನೋಡು" ಅಂದರು.
ನೋಡಿದೆ. ಬಿದ್ದಿತ್ತು.

ಇನ್ನು ಡೇರೆ.
ಹುಬ್ಬಳ್ಳಿ ಆಸ್ಪತ್ರೆಯಲ್ಲಿ ನನ್ನ ಪಕ್ಕದ ಮಂಚದವಳು
ಶಿರಸಿ ಕಡೆಯ ಭವಾನಕ್ಕ.
ಹನ್ನೊಂದು ದಿನ, ಇಬ್ಬರ ಕೈಗೂ ಸಲಾಯಿನು,
ನಾನು ಮೀನಿನ ಹೆಸರು ಹೇಳುವುದು, ಅವಳು ಡೇರೆಯ ಬಣ್ಣ.
ಅವಳು ಮೀನು ತಿನ್ನುವವಳಲ್ಲ,
ನಾನು ಡೇರೆ ಕಂಡವಳಲ್ಲ.
ಆಮೇಲೆ ಪ್ರತಿ ಮೇ ತಿಂಗಳು
ಶಿರಸಿ ಬಸ್ಸಿನ ಕಂಡಕ್ಟರನ ಸೀಟಿನಡಿ
ಬೂದಿ ಸವರಿದ ಗಡ್ಡೆ ಮೂರು,
ಹಳೆ ಪಂಚೆಯ ಚೂರಲ್ಲಿ ಕಟ್ಟಿ, ಮೇಲೆ "ಬಿಳಿ" ಎಂದು ಬರೆದು.

ಮೊದಲ ವರ್ಷ ಕೊಳೆಯಿತು. ಎರಡನೇ ವರ್ಷ
ಬಸವನಹುಳ. ಉಪ್ಪು ಎರಚಿದೆ.
ಉಪ್ಪು ಹುಳವನ್ನೂ ಕೊಂದಿತು, ಗಿಡವನ್ನೂ.
ಉಪ್ಪಿನೂರಿನವಳಿಗೆ ಅಷ್ಟು ತಿಳಿಯಬೇಡವೇ!
"ಬಂದಿದೆ, ಚೆನ್ನಾಗಿ ಬಂದಿದೆ" ಅಂದೆ ಫೋನಿನಲ್ಲಿ.

ಮೂರನೇ ವರ್ಷ ಒಂದೇ ಒಂದು ಎದ್ದಿತು, ನನ್ನೆದೆಯೆತ್ತರ.
ಮೊಗ್ಗು ಗೋಲಿಯಷ್ಟಾದಾಗ ಆಷಾಢದ ಗಾಳಿ
ಮೊಣಕೈ ಮಡಚಿದಂತೆ ದಂಟನ್ನು ಮಡಚಿತು.
ನಾನು ಅಡಿಗೆಮನೆಗೆ ಹೋಗಿ ಪಾತ್ರೆ ಕುಕ್ಕಿದೆ.
ಮೀನುಗಾರಿಕೆ ಬಂದಾಗಿರುವ ಎರಡು ತಿಂಗಳು,
ಬೋಟನ್ನು ಬೈತಖೋಲದಲ್ಲಿ ಕಟ್ಟಿ ಮನೆಯಲ್ಲಿದ್ದ ಗಂಡ.
ಕೈ ಸುಮ್ಮನಿರದೆ, ಕಳೆಯೆಂದು
ನನ್ನ ಗೋರಂಟೆಯನ್ನೇ ಕಿತ್ತಿದ್ದವನು.
ಅಂದು ಏನೂ ಹೇಳದೆ ಮಳೆಯಲ್ಲಿ ಕುಕ್ಕರಗಾಲಲ್ಲಿ ಕೂತು
ಮಗಳ ಶಾಲೆಯ ಕ್ರಾಫ್ಟಿನ ಐಸ್‌ಕ್ರೀಮು ಕಡ್ಡಿ ಎರಡು ಇಟ್ಟು
ನೀಲಿ ಬಲೆದಾರ ಸುತ್ತಿದ. ಕಡಲಿನ ಗಂಟು,
ಎಳೆದಷ್ಟೂ ಬಿಗಿಯುವಂಥದ್ದು.
"ಆಗದು" ಅಂದೆ.
"ನೋಡುವಾ" ಅಂದ.

ಹದಿನಾರನೇ ದಿನ ಅರಳಿತು,
ಓರೆಯಾಗಿ, ನೆಲ ನೋಡುತ್ತ, ಸಾರಿನ ಬಟ್ಟಲಿನಷ್ಟು ಅಗಲ.
ಮಗುವಿನ ಗದ್ದ ಎತ್ತಿದ ಹಾಗೆ ಅವನು ಅದನ್ನೆತ್ತಿ ಹಿಡಿದ,
ನಾನು ಫೋಟೋ ಹೊಡೆದು ಕಳಿಸಿದೆ.
ಉತ್ತರ ಸಂಜೆಗೆ:
"ಇದು ನಾ ಕೊಟ್ಟದ್ದಲ್ಲ.
ನಾ ಕೊಟ್ಟದ್ದು ಬಿಳಿ. ಇದು ತಿಳಿಗುಲಾಬಿ."
ಎಲ್ಲಿಂದ ತಂದೆ, ಯಾರು ಕೊಟ್ಟರು, ಯಾಕೆ ಸುಳ್ಳು.
ಎರಡು ದಿನ ಮಾತು ಬಿಟ್ಟಳು.
ಆಣೆ ಮಾಡಲು ನನಗೂ ಬಾಯಿ ಬರಲಿಲ್ಲ,
ಹಿಂದಿನ ವರ್ಷದ "ಬಂದಿದೆ" ಗಂಟಲಲ್ಲೇ ಇತ್ತು.
ಮೂರನೇ ದಿನ ಅವಳದೇ ಫೋನು,
"ಆ ಗುಲಾಬಿ ಬಣ್ಣದ್ದೊಂದು ಗಡ್ಡೆ ನಂಗೆ ಬೇಕು ಮಾರಾಯ್ತಿ."

ಈಗ ಅದು ಬಿಸ್ಕತ್ತಿನ ಡಬ್ಬಿಯಲ್ಲಿದೆ, ಒಣ ಹೊಯ್ಗೆಯೊಳಗೆ,
ಇಲಿ ಹತ್ತದ ಮೇಲಟ್ಟದಲ್ಲಿ.
ಗಡ್ಡೆ ಒಂದು. ಕಣ್ಣೂ ಒಂದೇ.
ಕೊಡುವುದೋ, ಇಟ್ಟುಕೊಳ್ಳುವುದೋ.
ದಿನಕ್ಕೊಮ್ಮೆ ಸ್ಟೂಲು ಹಾಕಿ ಇಳಿಸಿ ನೋಡುತ್ತೇನೆ.
ಸದ್ಯ, ಮಾಸ್ತರರ ಕೋಲು
ಅಷ್ಟು ಎತ್ತರಕ್ಕೆ ಮುಟ್ಟುವುದಿಲ್ಲ.