ಹಿಂದೆ ಖಾಲಿ ಇದೆ

ಕೋಡಿಬಾಗದಲ್ಲಿ ಎಸ್ಪೆರಾನ್ಸಬಾಯಿಯ ಅಂಗಡಿಗೆ ಬೋರ್ಡಿಲ್ಲ.
ಗಾಜಿಗೆ ಅಂಟಿಸಿದ ಹಾಳೆ: ಹಳೇ ಲ್ಯಾಪ್‌ಟಾಪ್ ಸಿಗುತ್ತದೆ.
‘ಸಿಗುತ್ತದೆ’ಯ ಕೊನೆಯ ಅಕ್ಷರ ಬಿಸಿಲಿಗೆ ಹೋಗಿದೆ.

ವಾರದ ರಜೆ, ಮೂರನೇ ಸಲ ಬಂದಿದ್ದೇನೆ.
ಖಾಕಿ ಹಾಕಿಲ್ಲ, ಆದರೂ ಅವಳು ಕೇಳುತ್ತಾಳೆ:
“ಏನು ಕಂಡಕ್ಟರ್, ಇವತ್ತಾದರೂ ಹತ್ತುತ್ತೀರೋ,
ಬರೇ ಬೋರ್ಡ್ ಓದಿ ಬಿಡುವುದೋ?”

ಮೇಜಿನ ಮೇಲೆ ನಾಲ್ಕಿವೆ.
ತೆಳ್ಳಗಿನ ಬೆಳ್ಳಿ ಬಣ್ಣದ್ದು ನನ್ನ ಎರಡು ತಿಂಗಳ ಸಂಬಳ;
ಮುಟ್ಟದೆ ಸರಿದೆ,
ಸ್ಲೀಪರ್ ಕೋಚಿನ ಪಕ್ಕ ನಿಂತ ಸಾದಾ ಬಸ್ಸಿನವನ ಹಾಗೆ.

ಎರಡನೆಯದರ ಹೊಟ್ಟೆ ಬಿಚ್ಚಿ ತೋರಿಸಿದಳು:
ಫ್ಯಾನಿನ ಸುತ್ತ ಹಸಿರು ಕಿಲುಬು.
“ಬೈತಖೋಲದ ಐಸ್ ಫ್ಯಾಕ್ಟರಿಯಲ್ಲಿ ಲೆಕ್ಕ ಬರೆದದ್ದು.
ಇಲ್ಲಿ ವರ್ಷ ಕೇಳಬಾರದು, ಉಪ್ಪು ನೋಡಬೇಕು.
ಸಮುದ್ರ ಯಾರ ಗ್ಯಾರಂಟಿ ಕಾರ್ಡನ್ನೂ ಓದುವುದಿಲ್ಲ.”

ಮೂರನೆಯದು ‘ರ’ ನುಂಗುತ್ತದೆ.
ರೈಟ್ ಎಂದು ಒತ್ತಿದರೆ ಐಟ್.

ನಾಲ್ಕನೆಯದು ದಪ್ಪ, ಕಪ್ಪು, ಒಂದು ಇಟ್ಟಿಗೆ.
ಕದ್ರಾ ಕಡೆಯ ಯಾವನೋ ಗುತ್ತಿಗೆದಾರನ ಆಫೀಸಿನದು,
ಮುಚ್ಚಳದ ಮೇಲೆ ಸ್ಟಿಕ್ಕರ್ ಕಿತ್ತ ಗಾಯ.
ರ‍್ಯಾಮ್ ಎಂಟು, ಪಕ್ಕದ ಗೂಡು ಖಾಲಿ.
ಸ್ಪೇಸ್ ಬಾರ್ ಸವೆದು ಕನ್ನಡಿಯಾಗಿದೆ.
ನನಗೆ ಬೇಕಾದ್ದು ಅದೊಂದೇ: ನುಡಿಸು, ನಿಲ್ಲಿಸು, ನುಡಿಸು.
ಹಗಲಿನ ಕೆಲಸವೂ ಅಷ್ಟೇ ತಾನೆ,
ಒಂದು ಬೆಲ್ಲಿಗೆ ನಿಲ್ಲು, ಎರಡಕ್ಕೆ ಹೊರಡು.

ಹೆಡ್‌ಫೋನ್ ಚುಚ್ಚಿದೆ. ಕರಕರ ಇಲ್ಲ.
ಪೆನ್‌ಡ್ರೈವಿನಲ್ಲಿ ನನ್ನ ಹಾಡಿದೆ, ಹಾಡೆನ್ನಬಹುದೋ ಏನೋ:
ಹಿಂಬಾಗಿಲ ಚಿಲಕ, ಟಿಕೆಟ್ ಮಷಿನ್ ಕಾಗದ ಉಗುಳುವ ಕಿರ್ರ್,
ಅವರ್ಸಾದಲ್ಲಿ ಮೀನುಬುಟ್ಟಿ ಮೇಲೇರಿಸುವ ಹೆಂಗಸಿನ ಉಸಿರು,
ಅಮದಳ್ಳಿ ದಾಟಿದ ಮೇಲೆ ಕೊನೇ ಸೀಟಿನ ಕಿಟಕಿ
ತನ್ನಷ್ಟಕ್ಕೆ ಹಿಡಿಯುವ ಏಳು ಮಾತ್ರೆ.
ಒಂದೊಂದಾಗಿ ಹತ್ತಿಸಿದೆ.
ಹನ್ನೊಂದರವರೆಗೆ ಸುಖ.
ಹದಿನಾಲ್ಕಕ್ಕೆ ಬಿಕ್ಕಿತು.
ಹದಿನೇಳಕ್ಕೆ ನಿಂತೇ ಹೋಯಿತು,
ಅರಬೈಲ್ ಘಟ್ಟದಲ್ಲಿ ಆಕ್ಸಲ್ ಮುರಿದ ಹಾಗೆ.

ಎಸ್ಪೆರಾನ್ಸಬಾಯಿ ಬೆಳ್ಳಿಯದರ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದಳು.
“ತುಕಾ ಕಿತ್ಲೆಂ ಜಾಯ್?”
ಎಷ್ಟು ಬೇಕು ನಿನಗೆ?

ಐವತ್ತೆರಡು ಸೀಟಿನ ಗಾಡಿಯಲ್ಲಿ
ಬಿಣಗಾದ ಶಿಫ್ಟ್ ಬಿಟ್ಟ ಹೊತ್ತಿಗೆ ಎಂಬತ್ತೊಂದು ಜನ,
ಮೂರು ಕೋಳಿ, ಒಂದು ಮಡಚದ ಏಣಿ
ತಂದವನಿಗೆ ಕೇಳುವ ಮಾತೇ ಇದು?
ಮುಂದೆ ನಿಂತವರು ಸ್ವಲ್ಪ ಒಳಗೆ ಹೋಗಿ, ಹಿಂದೆ ಖಾಲಿ ಇದೆ,
ಎಂದು ನಾಲ್ಕು ಚಿಲಕಗಳನ್ನು ಒಂದೇ ಫೈಲಿಗೆ ಒತ್ತಿದೆ.
ಕಿಟಕಿಗೆ ಹಚ್ಚಿದ್ದ ಎಕೋವನ್ನು ಅದರ ದನಿಯಲ್ಲೇ ಗಟ್ಟಿ ಮಾಡಿ ಕೂರಿಸಿದೆ.
ಎರಡು ಹಾರ್ಮೋನಿಯಂ ಇದ್ದವು; ಒಂದು ಪಾಸ್ ತೋರಿಸದೆ
ಎರಡು ವರ್ಷದಿಂದ ಸುಮ್ಮನೆ ಪ್ರಯಾಣ ಮಾಡುತ್ತಿತ್ತು.
ಇಳಿಸಿಬಿಟ್ಟೆ.
ಅದಿಲ್ಲದೆ ಹಾಡಿಗೆ ಗಾಳಿ ಬಂತು, ಅದು ಗೊತ್ತಿರಲಿಲ್ಲ.
ಸ್ಪೇಸ್ ಬಾರ್ ಒತ್ತಿದೆ.
ಗಾಡಿ ಹೊರಟಿತು.

ಫ್ಯಾನ್ ಮಾತ್ರ ಗುಂಯ್ ಎನ್ನುತ್ತದೆ,
ಕಪ್ಪು ಎರಡಕ್ಕಿಂತ ಕೂದಲೆಳೆ ಕೆಳಗೆ.
ಮನೆಯಲ್ಲಿ ಮೈಕ್ ನಿಲ್ಲುವುದು ಅಕ್ಕಿ ಡಬ್ಬದ ಮೇಲೆ, ಮಗಳು ಮಲಗಿದ ಮೇಲೆ;
ಈ ಗುಂಯ್ ಅಲ್ಲಿಗೂ ಬರುತ್ತದೆ.
ಬರಲಿ. ನಾನೇ ಕೂದಲೆಳೆ ಇಳಿದು ಹಾಡಿದರಾಯಿತು.

ಹದಿನಾಲ್ಕು ಸಾವಿರದ ಐನೂರು ಅಂದಳು.
ನನ್ನಲ್ಲಿ ಹದಿಮೂರು ಸಾವಿರದ ಇನ್ನೂರು,
ಅದರಲ್ಲೂ ಒಂದು ಕಟ್ಟು ಬರೇ ಹತ್ತರ ನೋಟು.
ದಿನವಿಡೀ ನಾನು ಎಲ್ಲರಿಗೂ ಸಿಡುಕುವ ಮಾತನ್ನು
ಈಗ ನನಗೇ ಸಿಡುಕುತ್ತಾಳೆ ಎಂದು ಕಾದೆ.
ಅವಳು ಬೆರಳು ಒದ್ದೆ ಮಾಡಿಕೊಂಡು ಎರಡು ಸಲ ಎಣಿಸಿದಳು.
ಆಮೇಲೆ ನನ್ನ ಅಂಗಿ ಜೇಬಿನಲ್ಲಿ ಇಣುಕುತ್ತಿದ್ದ ಟಿಕೆಟೊಂದನ್ನು ಎಳೆದು
ಅದರ ಬೆನ್ನಿಗೆ ಬರೆದಳು: ೧೩೦೦.
ಸುತ್ತ ಒಂದು ಗೀಟು.

“ಇಳಿಯುವಾಗ ಕೊಡಿ.”